ರಾತ್ರಿ ಒಂದು ಗಂಟೆ ಬೇಗ, ಸೋಮವಾರ ರಜೆ: ಯಾಕೆ?

ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ರೆಸ್ಟೋರೆಂಟ್‌ನಲ್ಲಿ ರಾತ್ರಿ ಕೊನೆಯ ಆರ್ಡರ್ ಈಗಿನದಕ್ಕಿಂತ ಒಂದು ಗಂಟೆ ಮುಂಚೆ. ಸೋಮವಾರ ಪೂರ್ತಿ ರಜೆ. ವ್ಯಾಪಾರ ಚೆನ್ನಾಗಿಯೇ ಇದೆ, ಗಾಬರಿ ಬೇಡ. ಇದನ್ನು ಮಾಡುತ್ತಿರುವುದು ನಮ್ಮ ಕೆಲಸದವರು ನಮ್ಮಲ್ಲೇ ಉಳಿಯಲಿ ಅಂತ.

ಸಂಬಳ ಜಾಸ್ತಿ ಕೊಟ್ಟರೆ ಉಳಿಯುತ್ತಾರೆ ಅಂತ ಹೇಳುವುದು ಸುಲಭ. ಸಂಬಳ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಟ್ಟು ಹೋಗುವವರನ್ನು ಕೂರಿಸಿಕೊಂಡು ಕೇಳಿದರೆ ಬೇರೆ ಮಾತುಗಳೂ ಹೊರಗೆ ಬರುತ್ತವೆ: ನಾಳೆ ಎಷ್ಟು ಹೊತ್ತಿಗೆ ಬರಬೇಕು ಅಂತ ಇವತ್ತು ರಾತ್ರಿಯವರೆಗೂ ಗೊತ್ತಿರುವುದಿಲ್ಲ, ಮಧ್ಯರಾತ್ರಿ ಬಾಗಿಲು ಹಾಕಿ ಹೋದವರೇ ಬೆಳಗ್ಗೆ ಬಂದು ಬಾಗಿಲು ತೆಗೆಯಬೇಕು, ಮಕ್ಕಳು ಎದ್ದಿರುವಾಗ ಮನೆಯಲ್ಲಿ ಇರುವುದೇ ಅಪರೂಪ. ಇನ್ನು ರಶ್ ಹೊತ್ತಿನಲ್ಲಿ ಮ್ಯಾನೇಜರ್ ಎಲ್ಲರೆದುರು ಹೇಗೆ ಮಾತಾಡುತ್ತಾರೆ ಅನ್ನುವುದು ಬೇರೆಯೇ ವಿಷಯ. ಅದಕ್ಕೆ ಸಮಯ ಬದಲಿಸಿದರೆ ಸಾಲದು, ನಾವೇ ಬದಲಾಗಬೇಕು.

ನ್ಯೂಯಾರ್ಕ್ ನಗರದಲ್ಲಿ ದೊಡ್ಡ ಫಾಸ್ಟ್‌ಫುಡ್ ಸರಣಿಗಳಿಗೆ 2017ರಿಂದ ಈ ಕೆಲಸದ ಸಮಯದ ತೊಂದರೆಗೆಂದೇ ಕಾನೂನಿದೆ. ಶಿಫ್ಟ್ ಪಟ್ಟಿಯನ್ನು 14 ದಿನ ಮುಂಚೆ ಕೊಡಬೇಕು. ರಾತ್ರಿ ಮುಚ್ಚಿದವರನ್ನು 11 ಗಂಟೆಯ ಬಿಡುವಿಲ್ಲದೆ ಬೆಳಗ್ಗೆ ಕರೆಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು, ಮೇಲೆ ಹೆಚ್ಚುವರಿ ಹಣವನ್ನೂ ಕೊಡಬೇಕು. ನಮ್ಮದು ಸಣ್ಣ ಜಾಗ, ಆದರೂ ಆ 14 ದಿನ, ಆ 11 ಗಂಟೆ ಎರಡನ್ನೂ ಪಾಲಿಸುತ್ತೇವೆ. ಬೇಗ ಮುಚ್ಚದೆ ಅದು ಆಗುವುದಿಲ್ಲ.

ಟಿಪ್ಸ್ ತೆಗೆದು ಬೆಲೆ ಏರಿಸಬಹುದಲ್ವಾ ಅಂತ ಕೆಲವರು ಕೇಳಿದರು. ಅಡುಗೆಮನೆಯವರಿಗೂ ನ್ಯಾಯ ಸಿಗಲಿ ಅಂತ ನ್ಯೂಯಾರ್ಕ್‌ನ ಹೆಸರಾಂತ ರೆಸ್ಟೋರೆಂಟ್ ಮಾಲೀಕ ಡ್ಯಾನಿ ಮೇಯರ್ 2015ರಲ್ಲಿ ತಮ್ಮ ರೆಸ್ಟೋರೆಂಟ್‌ಗಳಲ್ಲಿ ಟಿಪ್ಸ್ ಕೈಬಿಡುವುದಾಗಿ ಹೇಳಿ, ಒಂದೊಂದಾಗಿ ಜಾರಿಗೆ ತಂದರು. 2020ರಲ್ಲಿ ಟಿಪ್ಸ್ ಪದ್ಧತಿಯನ್ನೇ ವಾಪಸ್ ತಂದರು. ಅಷ್ಟು ದೊಡ್ಡವರಿಗೇ ಕಷ್ಟವಾದದ್ದಕ್ಕೆ ಸದ್ಯ ನಾವು ಕೈಹಾಕುವುದಿಲ್ಲ. ನೀವು ಕೊಡುವ ಟಿಪ್ಸ್‌ನಲ್ಲಿ ಪಾತ್ರೆ ತೊಳೆಯುವವರಿಗೂ ಪಾಲು ಹೋಗುತ್ತದೆ, ಅದು ಹಾಗೇ ಮುಂದುವರಿಯುತ್ತದೆ.

ನಿಮಗೇನು ಲಾಭ? ಯಾವ ಪದಾರ್ಥ ನಿಮಗೆ ಅಲರ್ಜಿ ಅಂತ ಪ್ರತಿ ಸಲ ಹೊಸಬರಿಗೆ ಮೊದಲಿಂದ ಹೇಳುವ ತಾಪತ್ರಯ ಕಡಿಮೆ ಆಗುತ್ತದೆ. ಸುಮ್ನೆ ಹೊಗಳಿಕೊಳ್ಳುತ್ತಿಲ್ಲ, ಹಳೆಯ ಕೈಗಳಿಗೆ ಅದೆಲ್ಲ ನೆನಪಿರುತ್ತದೆ.

ಸೋಮವಾರಕ್ಕೆ ಈಗಾಗಲೇ ಟೇಬಲ್ ಕಾದಿರಿಸಿದವರಿಗೆ ನಾವೇ ಫೋನ್ ಮಾಡಿ ಬೇರೆ ದಿನ ಕೊಡುತ್ತೇವೆ. ತಡವಾಗಿ ಬರುವವರು ದಯವಿಟ್ಟು ಮುಂಚೆಯೇ ಆರ್ಡರ್ ಹೇಳಿಬಿಡಿ, ಕಟ್ಟಿಟ್ಟಿರುತ್ತೇವೆ.