ಮುಗಿಯದ ಆಟಗಳನ್ನು ಆಡಿದವರಿಗೆ

ಕೋಪನ್‌ಹೇಗನ್ನಿನ ಐಟಿ ವಿಶ್ವವಿದ್ಯಾಲಯದಲ್ಲಿ ನಾನು ಓದುತ್ತಿದ್ದ ಗೇಮ್ಸ್ ಸ್ನಾತಕೋತ್ತರ ಪದವಿಯ ಕೊನೆಯ ಮೌಖಿಕ ಪರೀಕ್ಷೆ ಮುಗಿದು, ಪ್ರಬಂಧ ಅಂಗೀಕೃತವಾಗಿದೆ. ವಿಡಿಯೊ ಗೇಮ್‌ಗಳ ವಿನ್ಯಾಸವನ್ನೂ ಅವುಗಳನ್ನು ಆಡುವ ಜನರ ಸಂಸ್ಕೃತಿಯನ್ನೂ ಒಟ್ಟಿಗೆ ಕಲಿಸುವ ಈ ಪದವಿಯನ್ನು ಪೂರೈಸಲು ನನಗೆ ನೆರವಾದವರು ಹಲವು ಊರುಗಳಲ್ಲಿ ಹಂಚಿಹೋಗಿದ್ದಾರೆ. ತಮ್ಮ ನೆರವಿನಿಂದ ಏನು ಆಯಿತೆಂಬುದು ಅವರಲ್ಲಿ ಅನೇಕರಿಗೆ ಗೊತ್ತೇ ಇಲ್ಲ. ಪ್ರಬಂಧದ ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಪುಟ್ಟ ವಂದನೆ ಅವರನ್ನು ತಲುಪುವುದಿಲ್ಲವಾದ್ದರಿಂದ ಇದನ್ನು ಕನ್ನಡದಲ್ಲಿ, ಸ್ವಲ್ಪ ವಿವರವಾಗಿಯೇ, ಬರೆಯುತ್ತಿದ್ದೇನೆ.

ಮೊದಲು ಅರಕಲಗೂಡಿನ ನಮ್ಮ ಸೋದರಮಾವನವರಿಗೆ. ಯುರೋಪಿನ ಹೊರಗಿನಿಂದ ಹೋದ ನನ್ನಂಥವರು ಡೆನ್ಮಾರ್ಕಿನಲ್ಲಿ ಶುಲ್ಕ ಕಟ್ಟಿಯೇ ಓದಬೇಕು, ಮತ್ತು ಶಿಕ್ಷಣ ಸಾಲವಿಲ್ಲದೆ ಆ ಶುಲ್ಕ ನಮ್ಮ ಮನೆಗೆ ನಿಲುಕುವಂಥದ್ದಾಗಿರಲಿಲ್ಲ. ಪ್ರವೇಶಪತ್ರದಲ್ಲಿ ‘ಗೇಮ್ಸ್’ ಎಂದು ಕಂಡೊಡನೆ ಒಂದು ಬ್ಯಾಂಕಿನಲ್ಲಿ ನನ್ನ ಅರ್ಜಿ ಬದಿಗೆ ಸರಿದಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಡುವುದಕ್ಕೆ ಮುಂಚಿನ ಕಾಲ ಅದು. ಫೋನು ತೆರೆದರೆ ರಮ್ಮಿಯ ಜಾಹೀರಾತು ಬರುತ್ತಿದ್ದಾಗ ನೆಂಟರಲ್ಲಿ ಕೆಲವರು ಅದನ್ನೂ ನನ್ನ ಓದನ್ನೂ ಒಂದೇ ಎಂದು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ದೇಶದಲ್ಲಿ ಮೊದಲಿಗೆ, 2012ರಲ್ಲಿ, ನೀತಿಯೊಂದನ್ನು ಪ್ರಕಟಿಸಿದ ರಾಜ್ಯ ನಮ್ಮದೇ ಆದರೂ ಆ ಸುದ್ದಿ ನಮ್ಮ ಬೀದಿಯವರೆಗೆ ಬಂದಿರಲಿಲ್ಲ. ಮಾವ ಮಾತ್ರ ಪಠ್ಯಕ್ರಮದ ಹಾಳೆಗಳನ್ನು ತರಿಸಿಕೊಂಡು, ನಾಲ್ಕು ಸೆಮಿಸ್ಟರುಗಳಲ್ಲಿ ಏನೇನು ಕಲಿಸುತ್ತಾರೆಂದು ಒಂದೊಂದಾಗಿ ಕೇಳಿ ತಿಳಿದುಕೊಂಡು, “ಇಷ್ಟೆಲ್ಲ ಇದೆಯಾ? ಹಾಗಾದರೆ ಓದು” ಎಂದಷ್ಟೇ ಹೇಳಿ, ಮತ್ತೊಂದು ಬ್ಯಾಂಕಿನಲ್ಲಿ ಜಾಮೀನಿಗೆ ಸಹಿ ಹಾಕಿದರು. ಅಪ್ಪ, ಅಮ್ಮ ಇಬ್ಬರೂ ಅಂದು ತೋರಿದ ಧೈರ್ಯದ ಬಗ್ಗೆ ಅವರೆದುರೇ ಹೇಳಿದ್ದೇನೆ, ಇಲ್ಲಿ ಮತ್ತೆ ಬರೆದರೆ ಅವರಿಗೆ ಸಂಕೋಚವಾಗುತ್ತದೆ.

ನಾನು ಸೇರಿದ ವಿಶ್ವವಿದ್ಯಾಲಯ 1999ರಲ್ಲಿ ಆರಂಭವಾದದ್ದು. ಕಂಪ್ಯೂಟರ್ ಆಟಗಳ ಅಧ್ಯಯನಕ್ಕೆ ಮೀಸಲಾದ ಸಂಶೋಧನಾ ಕೇಂದ್ರವೊಂದು ಅಲ್ಲಿ 2003ರಿಂದ ಇದೆ. ಅದನ್ನು ಕಟ್ಟಿದವರಲ್ಲೊಬ್ಬರಾದ ನಾರ್ವೆಯ ವಿದ್ವಾಂಸ ಎಸ್ಪೆನ್ ಆರ್ಸೆತ್ ಅವರು ಅದಕ್ಕೂ ಎರಡು ವರ್ಷ ಮೊದಲು ಆರಂಭವಾದ ವಿದ್ವತ್ ಪತ್ರಿಕೆಯ ಸಂಪಾದಕೀಯದಲ್ಲಿ 2001ನ್ನು ಈ ಅಧ್ಯಯನದ ಮೊದಲ ವರ್ಷವೆಂದು ಕರೆದಿದ್ದರು. ಇಷ್ಟು ಎಳೆಯ ವಿದ್ಯಾಶಿಸ್ತಿನಲ್ಲಿ ಓದುವವರಿಗೆ ಸಿಗುವ ದೊಡ್ಡ ಲಾಭವೆಂದರೆ, ಅದರ ಮೊದಲ ಜಗಳಗಳು ಇನ್ನೂ ಬಿಸಿಯಾಗಿರುವುದು. ಅಲೆಕ್ಸಿ ಪಜಿಟ್ನೋವ್ 1984ರಲ್ಲಿ ಮಾಸ್ಕೋದಲ್ಲಿ ರೂಪಿಸಿದ, ಮೇಲಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ಟೆಟ್ರಿಸ್ ಆಟದಲ್ಲಿ, ತೊಂಬತ್ತರ ದಶಕದ ಅಮೆರಿಕನ್ನರ ಬಿಡುವಿಲ್ಲದ ಬದುಕಿನ ಚಿತ್ರವಿದೆ ಎಂದು ಅಮೆರಿಕದ ವಿದ್ವಾಂಸೆ ಜಾನೆಟ್ ಮರ್ರಿ 1997ರಲ್ಲಿ ಬರೆದರು. ಫಿನ್ಲೆಂಡಿನ ಮಾರ್ಕು ಎಸ್ಕೆಲಿನೆನ್, ಆಟದಲ್ಲಿಲ್ಲದ ಕಥೆಯನ್ನು ಅದರ ಮೇಲೆ ಹೇರುವ ಕೆಲಸವಿದು ಎಂದು ಅದೇ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಖಂಡಿಸಿದರು. ನಮಗೆ ಇದನ್ನು ಪಾಠ ಮಾಡಿದ ಅಧ್ಯಾಪಕರು ಯಾರು ಸರಿ ಎಂದು ಹೇಳದೆ, ತರಗತಿಯಲ್ಲಿ ಎಲ್ಲರನ್ನೂ ಟೆಟ್ರಿಸ್ ಆಡಲು ಕೂರಿಸಿ, ಆಡುವವರ ಬೆರಳುಗಳನ್ನೂ ಭುಜಗಳನ್ನೂ ಉಸಿರನ್ನೂ ನೋಡಿ ಬರೆಯುವಂತೆ ಪಕ್ಕದವರಿಗೆ ಸೂಚಿಸಿದರು. ಆಟದ ಅರ್ಥವನ್ನು ಹುಡುಕುವವರು ಆಡುವವರನ್ನು ನೋಡಬೇಕೆಂಬ ಅಭ್ಯಾಸ ನನಗೆ ಆ ದಿನದಿಂದ ಬಂತು. ನನ್ನ ಮುಂದಿನ ಕೆಲಸವೆಲ್ಲ ಅದರ ಮೇಲೆಯೇ ನಿಂತಿದೆ. ಆ ಅಧ್ಯಾಪಕರಿಗೆ ನಾನು ಚಿರಋಣಿ.

ಅದೇ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ ಡಗ್ಲಸ್ ವಿಲ್ಸನ್ ಅವರು ರೂಪಿಸಿದ ‘ಯೋಹಾನ್ ಸೆಬಾಸ್ಟಿಯನ್ ಜೌಸ್ಟ್’ ಎಂಬ ಆಟವನ್ನು ಸಹಪಾಠಿಗಳು ನನಗೆ ಪರಿಚಯಿಸಿದರು. ಅದರಲ್ಲಿ ನೋಡಲು ಪರದೆಯೇ ಇಲ್ಲ. ಪ್ರತಿಯೊಬ್ಬರ ಕೈಯಲ್ಲೂ ತುದಿಯಲ್ಲಿ ದೀಪವಿರುವ ಪ್ಲೇಸ್ಟೇಷನ್ ಮೂವ್ ಸಾಧನವಿರುತ್ತದೆ. ಬಾಖ್‌ನ ಬ್ರಾಂಡೆನ್‌ಬರ್ಗ್ ಸಂಗೀತ ನಿಧಾನವಾಗಿ ಸಾಗುವಾಗ ಕೈ ಸ್ವಲ್ಪ ಅಲುಗಿದರೂ ಆಟದಿಂದ ಹೊರಗೆ, ಸಂಗೀತ ವೇಗ ಪಡೆದಾಗ ಸ್ವಲ್ಪ ಹೆಚ್ಚು ಚುರುಕಾಗಿ ಚಲಿಸಲು ಅವಕಾಶ. ನಮ್ಮ ಸಾಧನ ಅಲುಗದಂತೆ ಕಾಯ್ದುಕೊಂಡು ಎದುರಾಳಿಯ ಕೈಯನ್ನು ಅಲುಗಿಸಬೇಕು. ತಂತ್ರಾಂಶ ಇಲ್ಲಿ ಮಾಡುವುದು ಅತಿ ಕಡಿಮೆ. ಉಳಿದದ್ದೆಲ್ಲ ಒಬ್ಬರ ಮುಖವನ್ನೊಬ್ಬರು ನೋಡುತ್ತಾ ಸುತ್ತುವ ಮನುಷ್ಯರ ನಡುವೆ ಹುಟ್ಟುತ್ತದೆ. ವಿನ್ಯಾಸಕಾರರು ಎಲ್ಲವನ್ನೂ ತಾವೇ ತುಂಬದೆ, ಆಡುವವರಿಗೆಂದು ಎಷ್ಟು ಜಾಗ ಬಿಡುತ್ತಾರೆ ಎಂಬುದೇ ಅವರ ಅಳತೆ ಎಂದು ನಾನು ಈಗ ನಂಬುತ್ತೇನೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುವ ಆ ಊರಿನಲ್ಲಿ, ಮೊದಲ ಚಳಿಗಾಲದ ಕತ್ತಲೆ ನನ್ನನ್ನು ಕುಗ್ಗಿಸಿದ್ದಾಗ, ಕೋಣೆಗೆ ಬಂದು ಬಾಗಿಲು ತಟ್ಟಿ ಆಡಲು ಎಳೆದುಕೊಂಡು ಹೋಗುತ್ತಿದ್ದ ನನ್ನ ತಂಡದ ಗೆಳೆಯರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ.

ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಚೌಕಾಬಾರ. ಐದು ಮನೆ ಉದ್ದ, ಐದು ಮನೆ ಅಗಲದ ಚೌಕ; ನಾಲ್ಕು ಕವಡೆ ಅಥವಾ ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜ; ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ ಎರಡು ಮನೆಯವರು ಒಟ್ಟಿಗೆ ಆಡಲು ಕುಳಿತರೆ ಮೊದಲ ಹತ್ತು ನಿಮಿಷ ಮಾತಿನಲ್ಲೇ ಹೋಗುತ್ತದೆ. ಎದುರಾಳಿಯ ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗಬಹುದೇ, ಸತತ ಮೂರು ಬಾರಿ ಚೌಕವೋ (ನಾಲ್ಕು) ಬಾರವೋ (ಎಂಟು) ಬಿದ್ದರೆ ಆ ಗರಗಳು ಉಳಿಯುತ್ತವೆಯೇ, ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೇ, ಹಣ್ಣಾಗಲು ಸರಿಯಾಗಿ ಅಷ್ಟೇ ಗರ ಬೀಳಬೇಕೇ ಎಂಬ ಪ್ರಶ್ನೆಗಳಿಗೆ ಮನೆಗೊಂದು ಉತ್ತರವಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಆಡುವಾಗ ಈ ವಾದವೂ ಆಟದ ಭಾಗವೇ. ಅದೇ ಆಟ ಫೋನಿಗೆ ಬಂದಾಗ ನಿಯಮವನ್ನು ಯಂತ್ರ ಮೌನವಾಗಿ ಜಾರಿ ಮಾಡುತ್ತದೆ. ವಾದಿಸಲು ಎದುರಿಗೆ ಯಾರೂ ಇರುವುದಿಲ್ಲ. ನಮ್ಮ ಪಚೀಸಿಯ ಮಾದರಿಯಿಂದ ಹುಟ್ಟಿದ ಲೂಡೊಗೆ ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೇಟೆಂಟ್ ದೊರೆತು, ನಿಯಮಗಳು ಪೆಟ್ಟಿಗೆಯೊಳಗಿನ ಕಾಗದಕ್ಕೆ ಇಳಿದವು; ತಂತ್ರಾಂಶವು ಆ ದಾರಿಯಲ್ಲೇ ಇನ್ನೂ ಮುಂದೆ ಹೋಗಿದೆ. ನಿಯಮವನ್ನು ಆಡುವವರೇ ಮಾತನಾಡಿ ತೀರ್ಮಾನಿಸುವ ಪದ್ಧತಿಯನ್ನು ಡಿಜಿಟಲ್ ಆಟದಲ್ಲೂ ಉಳಿಸಲು ಸಾಧ್ಯವೇ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಹಳೆಯ ಆಧಾರಗಳನ್ನು ಹುಡುಕುವಾಗ ಮೈಸೂರಿಗೆ ಬಂದಿದ್ದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಹತ್ತೊಂಬತ್ತನೆಯ ಶತಮಾನದ ಗ್ರಂಥ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲಾಗಿದೆ ಎಂಬ ಸಂಗತಿಯನ್ನು ಕೋಪನ್‌ಹೇಗನ್ನಿನಲ್ಲಿ ಹೇಳಿದಾಗ, ಈ ಅಧ್ಯಯನ ಬಹಳ ಹೊಸದೆಂದು ನಂಬಿದ್ದ ಸಹಪಾಠಿಗಳು ಅಚ್ಚರಿಪಟ್ಟರು. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾಕೌಶಲ್ಯ’ ಪ್ರದರ್ಶನಗಳ ಮೂಲಕ ಈ ಆಟಗಳ ಹಾಸುಗಳನ್ನೂ ಮಣೆಗಳನ್ನೂ ಜನರ ಕಣ್ಣೆದುರು ಉಳಿಸಿದ್ದಾರೆ. ಅವರ ಕೆಲಸವಿಲ್ಲದಿದ್ದರೆ ನನ್ನ ಎರಡನೆಯ ಅಧ್ಯಾಯವನ್ನು ಬರೆಯಲು ಆಗುತ್ತಿರಲಿಲ್ಲ. ಹಂಪಿಯ ದೇಗುಲಗಳ ಕಲ್ಲುಹಾಸಿನ ಮೇಲೆ ಕೊರೆದಿರುವ ಆಟದ ಮನೆಗಳನ್ನು ಬಿಸಿಲಿನಲ್ಲಿ ಜೊತೆಗೆ ನಿಂತು ತೋರಿಸಿದ ಅಲ್ಲಿನ ಮಾರ್ಗದರ್ಶಿಗೂ ವಂದನೆ.

ಇನ್ನು ನನ್ನ ಆಟವನ್ನು ಪರೀಕ್ಷೆಗಾಗಿ ಆಡಿದವರು. ಈ ಬರಹದ ಮುಖ್ಯ ಕಾರಣ ಅವರೇ. ಮುಗಿಯದ ಆಟವನ್ನು ಆಡುವುದು ಸಂತೋಷದ ಕೆಲಸವಲ್ಲ: ಅರ್ಧಕ್ಕೆ ನಿಲ್ಲುತ್ತದೆ, ಚಿತ್ರಗಳ ಜಾಗದಲ್ಲಿ ಬೂದು ಬಣ್ಣದ ಚೌಕಗಳಿರುತ್ತವೆ, ಎದುರಿಗೆ ಒಬ್ಬರು ಕುಳಿತು ಸಹಾಯ ಮಾಡದೆ ಬರೆದುಕೊಳ್ಳುತ್ತಿರುತ್ತಾರೆ. ಆದರೂ ಕೋಪನ್‌ಹೇಗನ್ನಿನ ಕನ್ನಡ ಕುಟುಂಬಗಳು ಭಾನುವಾರಗಳನ್ನು ಬಿಟ್ಟುಕೊಟ್ಟು, ಊಟ ಹಾಕಿ, ಮಕ್ಕಳನ್ನೂ ಅಜ್ಜಿಯರನ್ನೂ ಕೂರಿಸಿಕೊಂಡು ಆಡಿದರು. ಅರಕಲಗೂಡಿನಲ್ಲಿ ಅತ್ತೆ ನೆರೆಮನೆಯವರನ್ನೆಲ್ಲ ಸೇರಿಸಿದರು. ನನ್ನ ಮೊದಲ ಆವೃತ್ತಿಯಲ್ಲಿ ಮನೆಯ ನಿಯಮಗಳನ್ನು ಆಟಕ್ಕೆ ಮುಂಚೆ ಆರಿಸಿಕೊಳ್ಳಬೇಕಿತ್ತು. ಒಂದು ಮನೆಯಲ್ಲಿ ಆಟ ನಡುವಿಗೆ ಬಂದಾಗ ಅತಿ ಚಿಕ್ಕ ಹುಡುಗಿಯೊಬ್ಬಳೇ ಹಿಂದುಳಿದಿದ್ದಳು. ಅಜ್ಜಿ, “ಪಾಪ, ಮಗು ಕಾಯಿ ಹೊಡೀದಿದ್ರೂ ಒಳಗೆ ಹೋಗ್ಲಿ ಬಿಡ್ರೋ” ಎಂದರು, ಎಲ್ಲರೂ ಒಪ್ಪಿದರು, ಟ್ಯಾಬ್ಲೆಟ್ ಮಾತ್ರ ಒಪ್ಪಲಿಲ್ಲ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಗ. ಮುಂದಿನ ಆವೃತ್ತಿಯಲ್ಲಿ, ಆಡುತ್ತಿರುವ ಎಲ್ಲರೂ ಪರದೆಯ ಮೇಲೆ ಒಮ್ಮೆಗೇ ಬೆರಳಿಟ್ಟರೆ, ಆಟದ ನಡುವೆಯೂ ನಿಯಮ ಬದಲಾಗುವಂತೆ ಮಾಡಿದೆ. ಪ್ರಬಂಧದಲ್ಲಿ ಹೊಸದೆನ್ನಬಹುದಾದ ಅಂಶ ಅದೊಂದೇ, ಮತ್ತು ಅದು ಆ ಅಜ್ಜಿಯ ಕೊಡುಗೆ. ಪರೀಕ್ಷಕರ ಮುಂದೆಯೂ ಅದನ್ನು ಹಾಗೆಯೇ ಹೇಳಿದೆ.

ನನ್ನ ಮಾರ್ಗದರ್ಶಕಿ ಪ್ರತಿ ಕರಡಿನ ಅಂಚಿನಲ್ಲೂ “ಇದನ್ನು ತೀರ್ಮಾನಿಸಿದವರು ಯಾರು?” ಎಂದು ಬರೆದು ಹಿಂದಿರುಗಿಸುತ್ತಿದ್ದರು. ಒಂದೊಂದು ಗುಂಡಿಯ ಜಾಗಕ್ಕೂ ಒಂದೊಂದು ನಿಯಮಕ್ಕೂ ಆ ಪ್ರಶ್ನೆಯನ್ನು ಹಾಕಿಕೊಂಡು ಬರೆಯುವಂತಾದದ್ದು ಅವರಿಂದ. ಡೆನ್ಮಾರ್ಕಿನಲ್ಲಿ ಮೌಖಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರೊಬ್ಬರು ಬರುತ್ತಾರೆ, ಮತ್ತು ಫಲಿತಾಂಶವನ್ನು ಅಲ್ಲಿಯೇ, ಸ್ವಲ್ಪ ಹೊತ್ತು ಹೊರಗೆ ನಿಲ್ಲಿಸಿ, ತಿಳಿಸುತ್ತಾರೆ. ಆ ಹೊತ್ತಿನಲ್ಲಿ ಪಡಸಾಲೆಯಲ್ಲಿ ನನ್ನೊಂದಿಗೆ ಕಾಯುತ್ತಾ ನಿಂತಿದ್ದ, ಭಾನುವಾರದ ಆಟಗಳಿಗೆ ಬರುತ್ತಿದ್ದ ಅಕ್ಕ ಮತ್ತು ಭಾವ ಅವರನ್ನು ಇಲ್ಲಿ ನೆನೆಯದೆ ಇರಲಾರೆ.

ಪ್ರಬಂಧದ ಮುಖ್ಯ ಭಾಗಗಳನ್ನು ಕನ್ನಡದಲ್ಲಿ ಸಂಕ್ಷೇಪಿಸುತ್ತಿದ್ದೇನೆ. ಯಾವ ಮನೆಯಲ್ಲಿ ಯಾವ ನಿಯಮವಿತ್ತೆಂಬ ಪಟ್ಟಿಯನ್ನು, ಹೇಳಿಕೊಟ್ಟವರ ಒಪ್ಪಿಗೆ ಪಡೆದು, ಅದಕ್ಕೆ ಜೋಡಿಸುತ್ತೇನೆ. ಆಡಿದ ಪ್ರತಿ ಮನೆಗೂ ಒಂದು ಪ್ರತಿ ಬರುತ್ತದೆ. ದಯವಿಟ್ಟು ನಿಮ್ಮ ಮನೆಯ ಪುಟವನ್ನು ಹಿರಿಯರಿಗೆ ಓದಿ ಹೇಳಿ, ಎಲ್ಲಿಯಾದರೂ ವ್ಯತ್ಯಾಸವಿದ್ದರೆ ತಿಳಿಸಿ, ಆಟದಲ್ಲೂ ತಿದ್ದುತ್ತೇನೆ.