ರಟ್ಟಿನ ಮೇಲೆ ಬರೆದುಕೊಟ್ಟ ತಮ್ಮನಿಗೆ

ಕಳೆದ ವಾರ ಅಂಗಡಿಯಲ್ಲಿ ಪೊಟ್ಟಣಗಳ ಹಿಂಬದಿ ಓದುತ್ತಾ ನಿಂತಿದ್ದೆ. ಅಪ್ಪನಿಗೆ ಉಪ್ಪು, ಸಕ್ಕರೆ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದರು. ಸಂಜೆಯಾದರೆ ಅವರಿಗೆ ಕುರುಕಲು ಬೇಕೇ ಬೇಕು. ಯಾವ ಪೊಟ್ಟಣ ತಿರುಗಿಸಿದರೂ ಅದೇ ಉಪ್ಪು, ಅದೇ ಎಣ್ಣೆ. ನಿಜ ಹೇಳಬೇಕಂದ್ರೆ ಅಳುವೇ ಬಂದಿತ್ತು.

ಚೀಲ ಜೋಡಿಸುತ್ತಿದ್ದ ಹುಡುಗ ಕೆಲಸ ನಿಲ್ಲಿಸಿದ. "ಯಾರಿಗೆ ಅಕ್ಕಾ?" ಹೇಳಿದೆ. "ಹಲ್ಲು ಗಟ್ಟಿ ಇದೆಯಾ?" ಅಂದ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ! ಇದೆ ಅಂದೆ.

ನನ್ನ ಬುಟ್ಟಿಯಿಂದ ಎರಡು ಪೊಟ್ಟಣ ತೆಗೆದು ವಾಪಸ್ ಇಟ್ಟ. ಒಂದು ಚೀಲ ಕಾಬೂಲ್ ಕಡಲೆ ಹಾಕಿದ. ಡಬ್ಬದ ಮೂಲೆ ಹರಿದು, ಮೊಣಕಾಲ ಮೇಲಿಟ್ಟು ಬರೆದ: ರಾತ್ರಿ ನೆನೆಸಿ. ಬೇಯಿಸಿ. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಒಂದು ಚಮಚ ಎಣ್ಣೆ, ಓವನ್ನಿನಲ್ಲಿ 200 ಡಿಗ್ರಿ, 30ರಿಂದ 40 ನಿಮಿಷ. ಮೆಣಸಿನ ಪುಡಿ ಕೊನೆಗೆ, ಮೊದಲೇ ಹಾಕಿದರೆ ಸೀದುಹೋಗುತ್ತೆ. 'ಒರೆಸಿ' ಅನ್ನುವುದರ ಕೆಳಗೆ ಎರಡು ಗೆರೆ ಎಳೆದ. ಅಂಗೈಗಳನ್ನು ಉಜ್ಜಿ ಹೇಗೆ ಅಂತಲೂ ತೋರಿಸಿದ. ಅಷ್ಟರಲ್ಲಿ ಯಾರೋ ಕರೆದರು, ಹೋಗಿಬಿಟ್ಟ. ಹೆಸರು ಕೂಡ ಕೇಳಲಿಲ್ಲ ನಾನು.

ಮರುದಿನ ಸಂಜೆ ಅಪ್ಪ ಟಿವಿ ಮುಂದೆ ಕೂತು ಕರುಂ ಕುರುಂ ಅಂತ ತಿಂದರು. ಉಪ್ಪು ಕಮ್ಮಿ ಅಂತ ಒಮ್ಮೆ ಗೊಣಗಿದರು, ಬಟ್ಟಲು ಮಾತ್ರ ಖಾಲಿ. ಎಷ್ಟೋ ದಿನಗಳ ಮೇಲೆ ಸುಮ್ನೆ ಕೂತು ಟೀ ಕುಡಿದೆ.

ತಮ್ಮಾ, ತುಂಬಾ ಥ್ಯಾಂಕ್ಸ್. ಎರಡನೇ ಸಲ ಅವಸರದಲ್ಲಿ ಒರೆಸದೆ ಹಾಕಿದೆ, ರಬ್ಬರಿನಂತಾಯಿತು. ಆ ಎರಡು ಗೆರೆ ಯಾಕೆ ಅಂತ ಈಗ ಗೊತ್ತಾಯಿತು.