ಹಠಮಾರಿಯೆಂದು ಹೊಡೆಯುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಮಕ್ಕಳಿಗೂ ಕೈತುಂಬ ಕೆಲಸ. ನಾಲ್ಕನೇ ತರಗತಿಯ ನನ್ನ ಮಗ ಅಂದು ಒಂದು ಗಂಟೆ ಕೂತಲ್ಲಿಂದ ಕದಲದೆ ಹಣ್ಣುಹುಳುಗಳನ್ನು ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಾನೆ. ಅದೇ ಹುಡುಗ ಮಗ್ಗಿ ಬರೆಯಲು ಕೂತರೆ ಐದು ನಿಮಿಷಕ್ಕೆ ಎದ್ದು ಬೀದಿಯಲ್ಲಿರುತ್ತಾನೆ. ಇದನ್ನು ಕಂಡೇ ನಾವು, ಇಷ್ಟವಿದ್ದರೆ ಕೂರಬಲ್ಲವನಿಗೆ ಓದೆಂದರೆ ಸೊಕ್ಕು ಎಂದು ಬಗೆದು, ಎರಡು ವರ್ಷ ಬೈದು ಹೊಡೆದು ಕಳೆದೆವು. ಇದು ಎಡಿಎಚ್‌ಡಿ ಎಂಬ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ, ಗಮನವನ್ನು ಬೇಕಾದ ಕಡೆ ಹಿಡಿದು ನಿಲ್ಲಿಸುವುದೇ ಈ ಮಕ್ಕಳಿಗೆ ಕಷ್ಟ ಎಂದು ವೈದ್ಯರು ಬಿಡಿಸಿ ಹೇಳಿದಾಗ, ಆ ಏಟುಗಳೆಲ್ಲ ನೆನಪಾಗಿ ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಅವನ ಹಿಂದಿನ ಶಾಲೆಯಲ್ಲಿ ಬರೆದು ಮುಗಿಸದ ತಪ್ಪಿಗೆ ಕೊನೆಯ ಬೆಂಚು, ಆಟದ ಪೀರಿಯಡ್ ರದ್ದು. ಓಡಾಡದೆ ಇರಲಾರದ ಮಗುವಿಗೆ ಆಟವನ್ನೇ ತಪ್ಪಿಸಿದರೆ ಮಧ್ಯಾಹ್ನದ ತರಗತಿ ಇನ್ನಷ್ಟು ಕೆಡುತ್ತದೆ. ಈಗಿನ ಶಿಕ್ಷಕಿ ಅವನನ್ನು ಮುಂದಿನ ಸಾಲಿಗೆ ಕರೆತಂದು, ಹತ್ತು ಲೆಕ್ಕಗಳನ್ನು ಮೂರು ಮೂರಾಗಿ ಕೊಟ್ಟು, ನಡುವೆ ಸೀಮೆಸುಣ್ಣ ತರಲು ಎಬ್ಬಿಸುತ್ತಾರೆ. ನೂರು ಪುಟದ ಒಂದು ನೋಟ್‌ಬುಕ್ ಮನೆಗೂ ಶಾಲೆಗೂ ಓಡಾಡುತ್ತದೆ. ಅದರಲ್ಲಿ ದಿನಕ್ಕೆ ಎರಡೇ ಗುರಿ: ಕೈಯೆತ್ತಿ ಮಾತನಾಡಿದನೇ, ಕೊಟ್ಟ ಕೆಲಸ ಮುಗಿಸಿದನೇ. ಸಂಜೆ ಅದನ್ನು ನೋಡಿ ಅವತ್ತೇ ಮೆಚ್ಚಬೇಕು; ಪರೀಕ್ಷೆ ಮುಗಿದ ಮೇಲೆ ಸೈಕಲ್ ಕೊಡಿಸುವ ಮಾತು ಈ ಮಕ್ಕಳಿಗೆ ತಾಕುವುದಿಲ್ಲ. ನಾನೂ ಬದಲಾಗಬೇಕಾಯಿತು. ಕೈಕಾಲು ತೊಳಿ, ಬ್ಯಾಗ್ ಇಡು, ಹೋಂವರ್ಕ್ ತೆಗಿ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದವಳು, ಈಗ ಹತ್ತಿರ ಹೋಗಿ, ಅವನು ನನ್ನ ಮುಖ ನೋಡಿದ ಮೇಲೆ ಒಂದೊಂದಾಗಿ ಹೇಳುತ್ತೇನೆ. ಔಷಧಿ ಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ತುಂಟರೆಲ್ಲರಿಗೂ ಈ ಹೆಸರು ಹಚ್ಚಬಾರದು, ನಿಜ. ಮನೆ ಮತ್ತು ಶಾಲೆ ಎರಡೂ ಕಡೆ ಕನಿಷ್ಠ ಆರು ತಿಂಗಳು ತೊಂದರೆ ಕಂಡಿರಬೇಕು. ಆದರೆ ಶಾಲೆಗೇ ಆರೋಗ್ಯ ತಂಡ ಬಂದು ಮಕ್ಕಳನ್ನು ಪರೀಕ್ಷಿಸುವ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಸಮಸ್ಯೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಇದೆಯೆಂಬುದು ಎಷ್ಟು ಪೋಷಕರಿಗೆ ಗೊತ್ತು? ಕಣ್ಣು, ಹಲ್ಲಿನ ದೋಷ ಕೆಲವೇ ನಿಮಿಷದಲ್ಲಿ ಕಾಣಬಹುದು. ಇದನ್ನು ಕಾಣಬಲ್ಲವರು ವರ್ಷವಿಡೀ ಮಗುವನ್ನು ನೋಡುವ ಶಿಕ್ಷಕರೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ್ದರೂ ಬೆತ್ತದ ಮೇಲಿನ ನಂಬಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ದಿಕ್ಕು ತೋಚದ ಪೋಷಕರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ಸಲ ಆರೋಗ್ಯ ತಂಡ ಶಾಲೆಗೆ ಬರುವ ಮೊದಲೇ, ಇಂಥ ಮಕ್ಕಳ ಬಗ್ಗೆ ತರಗತಿ ಶಿಕ್ಷಕರು ಕಂಡದ್ದನ್ನು ಬರೆದಿಟ್ಟು ತಂಡದ ವೈದ್ಯರ ಕೈಗೆ ಕೊಡುವಂತೆ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳು ಎಲ್ಲ ಮುಖ್ಯಶಿಕ್ಷಕರಿಗೆ ಸೂಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ತಾಯಿ, ಶಿಡ್ಲಘಟ್ಟ ತಾಲ್ಲೂಕು